ಪ್ರತಿಕಾಯ ಇದ್ದೂ ಕಾಯಿಲೆ ಯಾಕೆ?

ಬಸವೇಶ್ವರನಗರ

ಸಿಂಚನಾ,

ಮೊನ್ನೆ ಫೋನಿನಲ್ಲಿ ಕುಕ್ಕರ್ ಕೂಗಿ ಮಾತು ಅರ್ಧಕ್ಕೇ ನಿಂತಿತು. ಕೊರೋನಾದಲ್ಲಿ ಪ್ರತಿಕಾಯ ಬಂತು ಅಂದರೆ ಜನ ಖುಷಿಪಟ್ಟರು, ಎಚ್‌ಐವಿಯಲ್ಲಿ ಅದೇ ಪ್ರತಿಕಾಯ ಕಂಡರೆ ಯಾಕೆ ಹೆದರುತ್ತಾರೆ ಅಂದೆಯಲ್ಲ, ಕೆಂಗೇರಿಯ ನಿನ್ನ ಕ್ಲಾಸಿನಲ್ಲಿ ಇಷ್ಟು ಚೆನ್ನಾಗಿ ಇನ್ಯಾರೂ ಕೇಳಿರಲಾರರು.

ಎಚ್‌ಐವಿ ಹೊಕ್ಕ ಕೆಲವೇ ವಾರಗಳಲ್ಲಿ ನಮ್ಮ ಬಿ ಕೋಶಗಳು ಪ್ರತಿಕಾಯ ತಯಾರಿಸುತ್ತವೆ. ಆದರೆ ಮೊದಲು ಬರುವವು ವೈರಸ್ಸಿಗೆ ಅಂಟಿಕೊಳ್ಳುತ್ತವೆಯೇ ಹೊರತು ಅದನ್ನು ತಡೆಯುವುದಿಲ್ಲ. ತಡೆಯಬಲ್ಲವು ಹುಟ್ಟಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ವೈರಸ್ ಹೊರಕವಚವನ್ನು ಬದಲಿಸಿಕೊಂಡಿರುತ್ತದೆ; ಫೋಟೋ ಹಿಡಿದು ಪೊಲೀಸರು ಬರುವ ಹೊತ್ತಿಗೆ ಕಳ್ಳ ಮೀಸೆ ಬೋಳಿಸಿಕೊಂಡ ಹಾಗೆ. ಕವಚದ ಮೇಲೆ ನಮ್ಮ ದೇಹದಿಂದಲೇ ಪಡೆದ ಸಕ್ಕರೆ ಅಣುಗಳ ಹೊದಿಕೆ ಬೇರೆ. ಸಾಲದ್ದಕ್ಕೆ ವೈರಸ್ ನಮ್ಮ ರೋಗನಿರೋಧಕ ವ್ಯವಸ್ಥೆಯ ಸಿಡಿ4 ಕೋಶಗಳ ಡಿಎನ್‌ಎಯಲ್ಲೇ ಸೇರಿ ಅಡಗುತ್ತದೆ. ಒಳ್ಳೆಯ ಪ್ರತಿಕಾಯ ತಯಾರಿಸಲು ಬಿ ಕೋಶಕ್ಕೆ ನೆರವಾಗಬೇಕಾದದ್ದೂ ಇದೇ ಸಿಡಿ4 ಕೋಶ, ನೋಡು! ಕೆಲವರಲ್ಲಿ ಮಾತ್ರ ವರ್ಷಗಳ ನಂತರ ಹಲವು ಬಗೆಯ ಎಚ್‌ಐವಿಯನ್ನು ತಡೆಯುವ ಪ್ರತಿಕಾಯ ಹುಟ್ಟುತ್ತದೆ. ಲಸಿಕೆ ಹುಡುಕುವವರ ಕಣ್ಣೆಲ್ಲ ಅದರ ಮೇಲೆ. ನಮ್ಮ ದೇಶದಲ್ಲಿ ಹೆಚ್ಚಾಗಿರುವ ‘ಸಿ’ ಉಪಬಗೆಯ ವೈರಸ್ ಮೇಲೆ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ರಂಗ ಉದಯಕುಮಾರ್ ಅವರ ತಂಡ ಬಹಳ ವರ್ಷ ಕೆಲಸ ಮಾಡಿದೆ. ಸಿಕ್ಕಿದರೆ ಓದು.

ಹಾಗಾಗಿ ಎಚ್‌ಐವಿಯಲ್ಲಿ ಪ್ರತಿಕಾಯ ಅಂದರೆ ವೈರಸ್ ಒಳಗಿದೆ ಅನ್ನುವುದಕ್ಕೆ ಸಾಕ್ಷಿ, ಅಷ್ಟೇ. ನಾನು ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ನಾವು ಪರೀಕ್ಷೆಯ ಕಾರ್ಡಿನ ಮೇಲೆ ರಕ್ತದ ಹನಿ ಹಾಕಿ ಕಾಯುತ್ತಿದ್ದದ್ದು ಆ ಸಾಕ್ಷಿಗೇ. ಕಾರ್ಡ್ ಸರಿಯಿದೆ ಎಂದು ತೋರಿಸುವ ಕಂಟ್ರೋಲ್ ಗೆರೆ ಮೂಡದಿದ್ದರೆ ಆ ಕಾರ್ಡನ್ನು ನಂಬಬೇಡ, ಬೇರೆಯದರಲ್ಲಿ ಮತ್ತೆ ಮಾಡು. ಹೋದ ವಾರದ ಭಯಕ್ಕೆ ಈ ವಾರವೇ ಬಂದು, ‘ನೆಗೆಟಿವ್’ ಅಂತ ನಿಟ್ಟುಸಿರು ಬಿಟ್ಟು ಹೋಗುವವರನ್ನು ಕಂಡರೆ ನನಗೆ ಸಂಕಟ. ಪ್ರತಿಕಾಯ ಕಾಣಿಸಲು ಮೂರು ತಿಂಗಳವರೆಗೂ ಆಗಬಹುದು. ಮತ್ತೆ ಬನ್ನಿ ಎಂದು ಹೇಳಲೇಬೇಕು. ಪಾಸಿಟಿವ್ ಎಂದು ಬರೆಯಲೂ ಒಂದು ಕಾರ್ಡ್ ಸಾಲದು, ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ನೋಡಬೇಕು. ಒಪ್ಪಿಗೆಯಿಲ್ಲದೆ ಯಾರನ್ನೂ ಪರೀಕ್ಷಿಸುವಂತಿಲ್ಲ, 2017ರ ಎಚ್‌ಐವಿ ಕಾಯಿದೆ ಇದೆ.

ಎಲ್ಲಕ್ಕಿಂತ ಕಷ್ಟದ್ದು ಕೂಸುಗಳದು. ಸೋಂಕಿರುವ ತಾಯಿಯ ಪ್ರತಿಕಾಯ ಜರಾಯುವಿನ ಮೂಲಕ ಮಗುವಿಗೂ ಬಂದಿರುತ್ತದೆ, ಅದು ಪೂರ್ತಿ ಹೋಗಲು 18 ತಿಂಗಳವರೆಗೂ ಬೇಕಾಗಬಹುದು. ಮಗುವಿಗೆ ಸೋಂಕೇ ಇಲ್ಲದಿದ್ದರೂ ಕಾರ್ಡಿನಲ್ಲಿ ಗೆರೆ ಮೂಡುತ್ತದೆ. ಅದಕ್ಕೇ ಆರನೇ ವಾರದಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಮಾಡುತ್ತಾರೆ. ಈ ವ್ಯತ್ಯಾಸ ಗೊತ್ತಿಲ್ಲದವರು ಬಾಯಿಬಿಟ್ಟರೆ ಬಾಣಂತಿಯ ಗತಿ ಏನಾಗಬೇಡ ಹೇಳು.

ಭಾನುವಾರ ಬರುವಾಗ ನಿನ್ನ ಇಮ್ಯುನಾಲಜಿ ಪುಸ್ತಕ ತಾ. ವೈರಸ್ಸಿನ ಪಿ24 ಪ್ರೋಟೀನಿನ ಬಗ್ಗೆ ಏನು ಬರೆದಿದ್ದಾರೋ ನೋಡಬೇಕು.

ನಿನ್ನ ದೊಡ್ಡಮ್ಮ