ಹಳೆಯ ಕಾರಿನ ಬ್ರೇಕ್ ಕ್ಯಾಲಿಪರ್ ಬಿಗಿದಾಗ ಬಿಡಿಸುವ ಕ್ರಮ

ಹಳ್ಳಿಗಳಲ್ಲಿ ಟ್ರ್ಯಾಕ್ಟರಿನ ಜೊತೆಗೆ ಹಳೆಯ ಕಾರು, ವ್ಯಾನುಗಳೂ ಬೇಸಾಯದ ಕೆಲಸಕ್ಕೆ ಒದಗುತ್ತಿವೆ. ತರಕಾರಿಯನ್ನು ಮಾರುಕಟ್ಟೆಗೆ, ಹಾಲಿನ ಕ್ಯಾನನ್ನು ಡೇರಿಗೆ, ಗೊಬ್ಬರದ ಚೀಲವನ್ನು ತೋಟಕ್ಕೆ ಸಾಗಿಸುವ ವಾಹನವೇ ಹಬ್ಬ, ಮದುವೆಗಳಿಗೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗುತ್ತದೆ. ಮಾರುತಿ 800 ಕಾರಿನ ತಯಾರಿಕೆ 2014ರಲ್ಲಿಯೇ ನಿಂತಿದ್ದರೂ ರಸ್ತೆಯಲ್ಲಿ ಅವು ಇನ್ನೂ ಕಾಣಸಿಗುತ್ತವೆ. ಇಂಥ ವಾಹನ ಮಳೆಗಾಲದಲ್ಲಿ ಕೆಲವು ವಾರ ನಿಂತಲ್ಲೇ ನಿಂತರೆ ಮುಂದಿನ ಚಕ್ರದ ಬ್ರೇಕಿನ ಭಾಗಗಳು ತುಕ್ಕು ಹಿಡಿದು ಬಿಗಿದುಕೊಳ್ಳುವುದುಂಟು. ಸುತ್ತಿಗೆಯಿಂದ ಹೊಡೆದು, ಸೀಮೆಎಣ್ಣೆ ಸುರಿದು ಬಿಡಿಸುವ ರೂಢಿ ನೇಗಿಲಿನ ಬೋಲ್ಟಿಗೆ ಸರಿಹೋದೀತು, ಬ್ರೇಕಿಗೆ ಸಲ್ಲದು. ಯಾವ ಭಾಗ ಬಿಗಿದಿದೆ ಎಂಬುದನ್ನು ಮೊದಲು ಪತ್ತೆ ಮಾಡಿ, ಅದನ್ನಷ್ಟೇ ಸರಿಯಾದ ವಿಧಾನದಿಂದ ಬಿಡಿಸಬೇಕು.

ರಚನೆ

ಚಕ್ರದೊಡನೆ ತಿರುಗುವ ಬಿಲ್ಲೆಯೇ ಡಿಸ್ಕ್. ಅದನ್ನು ಇಕ್ಕಳದಂತೆ ಎರಡೂ ಬದಿಯಿಂದ ಹಿಡಿಯುವ ಭಾಗವೇ ಕ್ಯಾಲಿಪರ್. ಪೆಡಲ್ ತುಳಿದಾಗ ಬ್ರೇಕ್ ಆಯಿಲಿನ ಒತ್ತಡದಿಂದ ಪಿಸ್ಟನ್ ಮುಂದೆ ಸರಿದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆಗ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಪೆಡಲ್ ಬಿಟ್ಟಾಗ ಪಿಸ್ಟನ್ನಿನ ಸುತ್ತಲಿರುವ ರಬ್ಬರ್ ಸೀಲು ಅದನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಪಿನ್ನು ಜಾರದಿದ್ದರೂ ಪಿಸ್ಟನ್ ಸರಿಯದಿದ್ದರೂ ಬ್ರೇಕು ಕೆಡುತ್ತದೆ.

ಲಕ್ಷಣಗಳು

1. ಬ್ರೇಕ್ ಹಿಡಿದಾಗ ವಾಹನ ಒಂದು ಬದಿಗೆ ಎಳೆಯುವುದು.
2. ಸ್ವಲ್ಪ ದೂರ ಓಡಿದ ಮೇಲೆ ಒಂದು ಚಕ್ರ ಮಾತ್ರ ಹೆಚ್ಚು ಬಿಸಿಯಾಗಿ, ಸುಟ್ಟ ವಾಸನೆ ಬರುವುದು.
3. ವಾಹನ ಭಾರವಾಗಿ ಓಡಿ ಇಂಧನ ಹೆಚ್ಚು ಖರ್ಚಾಗುವುದು.
4. ಒಂದು ಪ್ಯಾಡ್ ಬೇಗ ಸವೆದು ಇನ್ನೊಂದು ದಪ್ಪವಾಗಿಯೇ ಉಳಿಯುವುದು.

ಈ ಲಕ್ಷಣಗಳಿರುವ ವಾಹನವನ್ನು ಘಟ್ಟದ ರಸ್ತೆಗೆ ಒಯ್ಯಲೇಬಾರದು. ಸತತವಾಗಿ ಉಜ್ಜುವ ಪ್ಯಾಡಿನ ಕಾವಿಗೆ ಬ್ರೇಕ್ ಆಯಿಲ್ ಕುದಿದು ಆವಿಯಾದರೆ ಪೆಡಲ್ ತಳಮುಟ್ಟಿದರೂ ವಾಹನ ನಿಲ್ಲುವುದಿಲ್ಲ.

ಕೆಲಸಕ್ಕೆ ಮುನ್ನ

ವಾಹನವನ್ನು ಗಟ್ಟಿಯಾದ ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಬೇಕು. ಜಾಕಿನಿಂದ ಎತ್ತಿದ ನಂತರ ಭದ್ರವಾದ ಸ್ಟ್ಯಾಂಡಿನ ಮೇಲೆ ಇಳಿಸಬೇಕು. ಜಾಕನ್ನಾಗಲಿ ಪೇರಿಸಿದ ಕಲ್ಲನ್ನಾಗಲಿ ನಂಬಿ ಕೆಳಗೆ ಕೈ ಹಾಕಬಾರದು. ಹಳೆಯ ಪ್ಯಾಡುಗಳಲ್ಲಿ ಕಲ್ನಾರು ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಧೂಳನ್ನು ಊದದೆ, ಒಣ ಬ್ರಷ್ಷಿನಿಂದ ಉಜ್ಜದೆ, ಒದ್ದೆ ಬಟ್ಟೆಯಿಂದ ಒರೆಸಬೇಕು.

ದೋಷ ಪತ್ತೆ

ಎತ್ತಿದ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಬೇಕು. ಬಿಗಿಯಾಗಿದ್ದರೆ ಕ್ಯಾಲಿಪರಿನ ಹಿಂಬದಿಯಲ್ಲಿರುವ ಗಾಳಿ ತೆಗೆಯುವ ಸ್ಕ್ರೂವಿಗೆ ಸಣ್ಣ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಟಲಿಗೆ ಇಳಿಸಿ, ಅರ್ಧ ಸುತ್ತು ಸಡಿಲಿಸಬೇಕು. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಕ್ಯಾಲಿಪರಿನ ತಪ್ಪಿಲ್ಲ. ಆ ಒಂದೇ ಚಕ್ರ ಬಿಗಿದಿದ್ದರೆ ಹೋಸ್ ಪೈಪು ಒಳಗೇ ಉಬ್ಬಿ ಆಯಿಲನ್ನು ಹಿಂದಕ್ಕೆ ಬಿಡುತ್ತಿಲ್ಲ ಎಂದು ತಿಳಿದು ಪೈಪನ್ನು ಬದಲಾಯಿಸಬೇಕು. ಎರಡೂ ಚಕ್ರ ಬಿಗಿದಿದ್ದರೆ ಮಾಸ್ಟರ್ ಸಿಲಿಂಡರನ್ನು ಪರೀಕ್ಷಿಸಬೇಕು. ಸ್ಕ್ರೂ ಸಡಿಲಿಸಿದರೂ ಚಕ್ರ ಬಿಡದಿದ್ದರೆ ಪಿನ್ನು ಅಥವಾ ಪಿಸ್ಟನ್ ಬಿಗಿದಿದೆ. ಒಳಗಿನ ಪ್ಯಾಡ್ ಮಾತ್ರ ಸವೆದಿದ್ದರೆ ಬಹುಮಟ್ಟಿಗೆ ಪಿನ್ನೇ ಕಾರಣ.

ಈ ಸ್ಕ್ರೂವಿಗೆ ರಿಂಗ್ ಸ್ಪ್ಯಾನರನ್ನೇ ಬಳಸಬೇಕು. ಬಿಚ್ಚದಿದ್ದರೆ ಬುಡವನ್ನು ಮೆಲ್ಲಗೆ ತಟ್ಟಿ ಮತ್ತೆ ಪ್ರಯತ್ನಿಸಬೇಕು. ಬಲಪ್ರಯೋಗದಿಂದ ಅದು ಮುರಿದರೆ ಕ್ಯಾಲಿಪರನ್ನೇ ಬದಲಾಯಿಸುವ ಪ್ರಸಂಗ ಬಂದೀತು.

ಪಿನ್ನು ಬಿಡಿಸುವುದು

ಬೋಲ್ಟು ಬಿಚ್ಚಿ ಕ್ಯಾಲಿಪರನ್ನು ಹೊರತೆಗೆದ ಮೇಲೆ ಅದನ್ನು ತಂತಿಯಿಂದ ಮೇಲಕ್ಕೆ ಕಟ್ಟಬೇಕು. ಹೋಸ್ ಪೈಪಿಗೆ ಜೋತುಬಿಡಬಾರದು. ಪಿನ್ನನ್ನು ಎಳೆಯುವುದಕ್ಕಿಂತ ಸ್ಪ್ಯಾನರಿನಿಂದ ಎಡಕ್ಕೂ ಬಲಕ್ಕೂ ತಿರುಗಿಸುತ್ತ ಸಡಿಲಿಸುವುದು ಸೂಕ್ತ. ತುಕ್ಕು ಬಿಡಿಸುವ ಎಣ್ಣೆ ಬೇಕೇಬೇಕಾದರೆ ಪ್ಯಾಡನ್ನೂ ರಬ್ಬರ್ ಬೂಟನ್ನೂ ತೆಗೆದು, ಡಿಸ್ಕಿಗೆ ತಾಗದಂತೆ ಹಾಕಿ ಕೆಲವು ಗಂಟೆ ಬಿಡಬೇಕು. ಮೇಲಿನ ಮತ್ತು ಕೆಳಗಿನ ಪಿನ್ನು ಕೆಲವು ವಾಹನಗಳಲ್ಲಿ ಬೇರೆಬೇರೆ ಆಗಿರುವುದರಿಂದ ಗುರುತು ಮಾಡಿಟ್ಟುಕೊಳ್ಳಬೇಕು.

ಪಿನ್ನನ್ನೂ ಅದರ ರಂಧ್ರವನ್ನೂ ಚೊಕ್ಕಟಗೊಳಿಸಿ, ಎಣ್ಣೆಯ ಅಂಶ ಉಳಿಯದಂತೆ ಸ್ಪಿರಿಟ್ಟಿನಿಂದ ಒರೆಸಬೇಕು. ಗುಳಿ ಬಿದ್ದ ಪಿನ್ನು, ಹರಿದ ಬೂಟು ಪುನಃ ಬಳಕೆಗೆ ಯೋಗ್ಯವಲ್ಲ. ಬ್ರೇಕಿಗಾಗಿಯೇ ಇರುವ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ ಜೋಡಿಸಿದಾಗ ಪಿನ್ನು ಕೈಯಿಂದಲೇ ಸರಾಗವಾಗಿ ಜಾರಬೇಕು.

ಪಿಸ್ಟನ್ ಬಿಡಿಸುವುದು

ಬಿಗಿದ ಪಿಸ್ಟನ್ನನ್ನು ಹೊರತರಲು ಪೆಡಲಿನ ಒತ್ತಡವೇ ಸುರಕ್ಷಿತ ಸಾಧನ. ಹೋಸ್ ಪೈಪನ್ನು ಬಿಚ್ಚದೆ, ಗಾಳಿ ತೆಗೆಯುವ ಸ್ಕ್ರೂವನ್ನು ಬಿಗಿದು, ಪಿಸ್ಟನ್ನಿನ ಎದುರಿಗೆ ಮರದ ತುಂಡು ಇಟ್ಟು, ಕೆಳಗೆ ತಟ್ಟೆ ಇರಿಸಿ, ಸಹಾಯಕನಿಂದ ಪೆಡಲನ್ನು ನಿಧಾನವಾಗಿ ತುಳಿಸಬೇಕು. ಪಂಕ್ಚರ್ ಅಂಗಡಿಯ ಗಾಳಿಯನ್ನು ಹಾಯಿಸಿದರೆ ಪಿಸ್ಟನ್ ಗುಂಡಿನಂತೆ ಹಾರಿ ಬೆರಳು ಜಜ್ಜಿಹೋದೀತು. ಕಟಿಂಗ್ ಪ್ಲೇಯರಿನಿಂದ ಹಿಡಿದು ಎಳೆದರೆ ಪಿಸ್ಟನ್ನಿನ ಮೈ ಗೀರಿ ಆಯಿಲ್ ಸೋರುತ್ತದೆ. ಬೆಂಕಿಯಿಂದ ಕಾಯಿಸುವುದಂತೂ ಕೂಡದು. ಬ್ರೇಕ್ ಆಯಿಲಿಗೆ ಬೆಂಕಿ ಹತ್ತುತ್ತದೆ.

ಹಳೆಯ ಸೀಲನ್ನು ಮರದ ಕಡ್ಡಿಯಿಂದ ತೆಗೆಯಬೇಕು. ಪಿಸ್ಟನ್ ಅಥವಾ ಅದರ ಕೊಳವೆಯಲ್ಲಿ ತುಕ್ಕಿನ ಗುಳಿಗಳಿದ್ದರೆ ಉಜ್ಜಿ ನಯಮಾಡಿ ಉಪಯೋಗಿಸದೆ ಹೊಸದನ್ನೇ ಹಾಕಬೇಕು. ಹೊಸ ಸೀಲಿಗೆ ಹೊಸ ಬ್ರೇಕ್ ಆಯಿಲ್ ಸವರಿ, ಪಿಸ್ಟನ್ನನ್ನು ಓರೆಯಾಗದಂತೆ ಕೈಯಿಂದ ಒತ್ತಿ ಕೂರಿಸಬೇಕು. ಪೆಡಲ್ ಒತ್ತಡಕ್ಕೂ ಪಿಸ್ಟನ್ ಕದಲದಿದ್ದರೆ ಆ ಕೆಲಸವನ್ನು ನುರಿತ ಮೆಕ್ಯಾನಿಕನಿಗೆ ಒಪ್ಪಿಸುವುದು ಲೇಸು.

ಬ್ರೇಕ್ ಆಯಿಲ್ ಎಣ್ಣೆಯಲ್ಲ

ಈ ಮಾತನ್ನು ರೈತರು ಮುಖ್ಯವಾಗಿ ನೆನಪಿಡಬೇಕು. ಹೆಸರಿನಲ್ಲಿ ‘ಆಯಿಲ್’ ಇದ್ದರೂ ಕಾರುಗಳಲ್ಲಿ ಸಾಮಾನ್ಯವಾಗಿ ಬಳಸುವ ಡಾಟ್ 3, ಡಾಟ್ 4 ದ್ರವಗಳು ಗ್ಲೈಕಾಲ್ ವರ್ಗಕ್ಕೆ ಸೇರಿದವು. ಸೀಮೆಎಣ್ಣೆ, ಪೆಟ್ರೋಲು, ಡೀಸೆಲ್, ಎಂಜಿನ್ ಆಯಿಲ್, ಟ್ರ್ಯಾಕ್ಟರಿನ ಗೇರ್ ಆಯಿಲ್, ಮಾಮೂಲಿ ಗ್ರೀಸು ಇವುಗಳಲ್ಲಿ ಯಾವುದು ತಗುಲಿದರೂ ಬ್ರೇಕಿನ ರಬ್ಬರ್ ಸೀಲು ಉಬ್ಬಿ ಮೆತ್ತಗಾಗುತ್ತದೆ. ಅಂದು ಬಿಡಿಸಿದ ಪಿಸ್ಟನ್ ಕೆಲವೇ ದಿನಗಳಲ್ಲಿ ಮತ್ತೆ ಬಿಗಿಯುತ್ತದೆ, ಇಲ್ಲವೇ ಸೀಲು ಒಡೆದು ಬ್ರೇಕು ಪೂರ್ತಿ ಕೈಕೊಡುತ್ತದೆ. ಆದುದರಿಂದ ಒಳಭಾಗವನ್ನು ತೊಳೆಯಲು ಬ್ರೇಕ್ ಆಯಿಲ್ ಅಥವಾ ಸ್ಪಿರಿಟ್ ಮಾತ್ರ ಬಳಸಬೇಕು.

ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡ್ ಇರಬೇಕು. ತೇವ ಸೇರಿದ ದ್ರವಕ್ಕೆ ಅದೇ ಮಿತಿ 140 ಡಿಗ್ರಿ. ಈ ತೇವವೇ ಒಳಗಿನ ತುಕ್ಕಿಗೂ ಮೂಲ. ಎರಡು ವರ್ಷಕ್ಕೊಮ್ಮೆ ದ್ರವ ಬದಲಾಯಿಸುವುದು, ಬಹುಕಾಲದಿಂದ ತೆರೆದಿಟ್ಟ ಡಬ್ಬಿಯದನ್ನು ಬಳಸದಿರುವುದು ಅವಶ್ಯ.

ಜೋಡಿಸಿದ ನಂತರ

ಪ್ಯಾಡುಗಳನ್ನು ಎರಡೂ ಚಕ್ರಗಳಿಗೆ ಒಟ್ಟಿಗೆ ಬದಲಾಯಿಸಬೇಕು. ಗಾಳಿ ಪೂರ್ತಿ ತೆಗೆದು, ಪೆಡಲ್ ಗಟ್ಟಿಯಾಗುವವರೆಗೆ ತುಳಿದ ನಂತರವೇ ಗಾಡಿಯನ್ನು ಕದಲಿಸಬೇಕು. ಮೊದಲು ಅಂಗಳದಲ್ಲಿ ನಿಧಾನವಾಗಿ ಓಡಿಸಿ ಪರೀಕ್ಷಿಸಬೇಕು. ಎರಡು ಮೂರು ಕಿಲೋಮೀಟರ್ ಓಡಿಸಿದ ಮೇಲೆ ಎರಡೂ ಮುಂಚಕ್ರಗಳ ಬಳಿ, ತಾಗಿಸದೆ, ಕೈ ಹಿಡಿದರೆ ಕಾವು ಒಂದೇ ಸಮನಾಗಿರಬೇಕು.

ರಸಗೊಬ್ಬರದ ಪುಡಿ ಮತ್ತು ಕರಾವಳಿಯ ಉಪ್ಪುಗಾಳಿ ತುಕ್ಕನ್ನು ಬೇಗ ತರುತ್ತವೆ. ಗೊಬ್ಬರ ಸಾಗಿಸಿದ ದಿನ ಚಕ್ರದ ಭಾಗವನ್ನು ನೀರಿನಿಂದ ತೊಳೆದು, ಸ್ವಲ್ಪ ದೂರ ಓಡಿಸಿ, ಬ್ರೇಕ್ ಹಿಡಿದು ಒಣಗಿಸಬೇಕು. ಮಳೆಗಾಲದಲ್ಲಿ ವಾಹನಕ್ಕೆ ಕೆಲಸವಿಲ್ಲದಿದ್ದರೂ ವಾರಕ್ಕೊಮ್ಮೆ ಓಡಿಸಬೇಕು. ವರ್ಷಕ್ಕೊಮ್ಮೆ ಪಿನ್ನುಗಳನ್ನು ಬಿಚ್ಚಿ ಗ್ರೀಸ್ ಹಾಕಿಸಿದರೆ ಕ್ಯಾಲಿಪರ್ ಬಿಗಿಯುವ ಸಂಭವ ಬಹಳ ಕಡಿಮೆಯಾಗುತ್ತದೆ.