ಕಾಯಕವೂ ವಿನೋದವೂ

ವಿನೋದವೆಂಬ ಶಬ್ದವನ್ನು ನಾವು ದಿನವೂ ಬಳಸುತ್ತೇವೆ; ಅದರ ಅರ್ಥವನ್ನು ವಿಚಾರಿಸುವುದು ವಿರಳ. ‘ನುದ್’ ಧಾತುವಿಗೆ ನೂಕುವುದೆಂದು ಅರ್ಥ. ‘ವಿ’ ಉಪಸರ್ಗವು ಸೇರಿದಾಗ ದೂರ ನೂಕುವುದು, ಎಂದರೆ ಮನಸ್ಸಿಗೆ ಕವಿದ ಆಯಾಸವನ್ನು ಕಳೆಯುವುದು ಎಂದಾಗುತ್ತದೆ. ಪ್ರೌಢನೆಂಬ ಶಬ್ದದಲ್ಲಾದರೋ ಹೊರುವುದೆಂಬ ಅರ್ಥದ ‘ವಹ್’ ಧಾತುವಿದೆ. ಹಾಗಾದರೆ ವಿನೋದವು ಯಾರಿಗೆ ಹೆಚ್ಚು ಬೇಕು? ಹೊರೆಯನ್ನೇ ಅರಿಯದ ಬಾಲಕನಿಗೋ, ಸಂಸಾರದ ಹೊರೆ ಹೊತ್ತ ಪ್ರೌಢನಿಗೋ? ಲೋಕದ ನಡೆ ಇದಕ್ಕೆ ವಿಪರೀತವಾಗಿದೆ. ಆಟ, ಪಾಠ, ಹಾಡು ಮಕ್ಕಳಿಗೆ. ದುಡಿಮೆ, ಚಿಂತೆ, ಲೆಕ್ಕ ಹಿರಿಯರಿಗೆ ಎಂದು ನಾವು ಮನೆಯೊಳಗೇ ಪಾಲುಪಟ್ಟಿ ಬರೆದಿಟ್ಟಂತಿದೆ.

“ಶರಣಧರ್ಮವು ಕಾಯಕಧರ್ಮವಲ್ಲವೇ? ಹಾಡು ನಗೆಗಳಲ್ಲಿ ಹೊತ್ತು ಕಳೆದರೆ ಕಾಯಕಕ್ಕೆ ಲೋಪ ಬಾರದೇ?” ಎಂದು ಕೆಲವರು ಕೇಳಬಹುದು. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳೇ ಇದಕ್ಕೆ ಉತ್ತರ ಕೊಡುತ್ತವೆ. ನಗೆಯ ಮಾರಿತಂದೆಗಳ ಕಾಯಕ ಜನರನ್ನು ನಗಿಸುವುದು. ಬಹುರೂಪಿ ಚೌಡಯ್ಯನವರದು ವೇಷ ಧರಿಸಿ ಆಡುವುದು. ಡಕ್ಕೆಯ ಬೊಮ್ಮಣ್ಣನವರದು ಡಕ್ಕೆಯನ್ನು ಬಾರಿಸುವುದು. ಕಿನ್ನರಿ ಬೊಮ್ಮಯ್ಯನವರು ಕಿನ್ನರಿಯನ್ನು ನುಡಿಸುತ್ತಿದ್ದವರು. ನೇಯುವವನ ಕಾಯಕಕ್ಕೂ ದೋಣಿ ನಡೆಸುವವನ ಕಾಯಕಕ್ಕೂ ಇದ್ದ ಮನ್ನಣೆಯೇ ನಗಿಸುವವನ ಕಾಯಕಕ್ಕೂ ಇದ್ದಿತು. ನಗೆಯು ಪಾಪವಾಗಿದ್ದರೆ ಅದನ್ನು ಕಾಯಕವೆಂದು ಶರಣರು ಎಣಿಸುತ್ತಿದ್ದರೇ?

ಕಲಿಕೆಯ ಮಾತೂ ಹೀಗೆಯೇ. ಅನುಭವ ಮಂಟಪದ ಗೋಷ್ಠಿಗಳಲ್ಲಿ ಕುಳಿತವರು ಪಾಠಶಾಲೆಯ ಬಾಲಕರಲ್ಲ. ಮನೆಮಾರು ನಡೆಸುತ್ತಿದ್ದ, ದಿನವಿಡೀ ದುಡಿಯುತ್ತಿದ್ದ ಸ್ತ್ರೀಪುರುಷರು. ದುಡಿದು ಬಂದವರೇ ಕೇಳಿದರು, ಪ್ರಶ್ನಿಸಿದರು, ವಚನ ನುಡಿದರು. “ಇನ್ನು ನನಗೇಕೆ ವಿದ್ಯೆ, ಮಕ್ಕಳು ಓದಿದರೆ ಸಾಕು” ಎಂಬುದು ಶರಣರ ಮಾತಾಗಿರಲಿಲ್ಲ.

ಆದರೆ ದುಡಿಯುವವನಿಗೆ ಬಿಡುವು ಎಲ್ಲಿಂದ ಬರಬೇಕು? ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಚರಿತ್ರೆಯನ್ನು ಸಾವಧಾನವಾಗಿ ಮನನ ಮಾಡಬೇಕು. ಪತಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇದು ಆಸೆಯೆಂದು ತಿಳಿಸಿ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದರು. ಅದೇ ಮಾರಯ್ಯನವರು ಅನುಭಾವದ ಮಾತಿನಲ್ಲಿ ಮೈಮರೆತು ಕಾಯಕದ ವೇಳೆ ಮೀರಿದಾಗ ಎಚ್ಚರಿಸಿದವರೂ ಆ ಲಕ್ಕಮ್ಮನವರೇ. ಎರಡು ಸಂದರ್ಭ, ತತ್ತ್ವ ಒಂದೇ. ಬೇಕಾದುದಕ್ಕಿಂತ ಮಿಗಿಲಾಗಿ ಗಳಿಸುವ ಹಂಬಲವು ಆನಂದದ ಹೊತ್ತನ್ನು ನುಂಗುತ್ತದೆ. ಅಳತೆ ಮೀರಿದ ಆನಂದವು ಕಾಯಕದ ಹೊತ್ತನ್ನು ನುಂಗುತ್ತದೆ. ನಮ್ಮ ಬಿಡುವನ್ನು ಕಸಿದುಕೊಂಡದ್ದು ಕಾಯಕವಲ್ಲ. ಸಾಕೆನ್ನಲು ಅರಿಯದ ಮನಸ್ಸು. ಅಂಗಡಿಯನ್ನು ಇನ್ನೊಂದು ಗಳಿಗೆ ತೆರೆದಿಡೋಣ, ಇನ್ನೊಂದು ಹೊಲ ಮಾಡೋಣ, ಮಗಳ ಮದುವೆ ಮುಗಿದ ಮೇಲೆ ನೋಡೋಣ ಎನ್ನುತ್ತಲೇ ಕಣ್ಣು ಮಂಜಾಗುತ್ತದೆ, ಕಿವಿ ಮಂದವಾಗುತ್ತದೆ. ಆಗ ಬಿಡುವೇನೋ ಬಂದೀತು. ಓದುವ ಕಣ್ಣು, ಕೇಳುವ ಕಿವಿ ಇರಲಾರವು.

ನಮ್ಮ ಜಗಳೂರು ಸೀಮೆಯು ಮಳೆಯ ದಾರಿ ಕಾಯುವ ಬಯಲುನಾಡು. ಇಂತಹ ನೆಲದಲ್ಲಿ ಸಂಭ್ರಮಕ್ಕೆ ಎಡೆಯೆಲ್ಲಿ ಎನಿಸಬಹುದು. ಆದರೆ ಸಿರಿಗೆರೆಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರು ತರಳಬಾಳು ಹುಣ್ಣಿಮೆ ಮಹೋತ್ಸವವನ್ನು ಊರೂರಿಗೆ ಕೊಂಡೊಯ್ಯಲು ೧೯೫೦ರಲ್ಲಿ ಆರಂಭಿಸಿದುದು ಈ ಜಗಳೂರಿನಿಂದಲೇ. ಮಾಘ ಶುದ್ಧ ಪೂರ್ಣಿಮೆಯಂದು ಮುಗಿಯುವ ಆ ಉತ್ಸವದಲ್ಲಿ ವಿದ್ವಾಂಸರ ಉಪನ್ಯಾಸ, ಸಂಗೀತ, ನೃತ್ಯ, ಮಲ್ಲಕಂಬ ಎಲ್ಲಕ್ಕೂ ಸ್ಥಾನವುಂಟು. ಅರಿವೂ ವಿನೋದವೂ ಒಂದೇ ಚಪ್ಪರದಡಿ ಕೂಡುತ್ತವೆ. ಆ ಹೆಸರಿನ ಮೂಲವನ್ನು ನೆನೆಯಿರಿ. ಮರುಳಸಿದ್ಧರು ತಮ್ಮ ಶಿಷ್ಯನನ್ನು ‘ತರಳಾ, ಬಾಳು’ ಎಂದು ಹರಸಿದರೆಂಬುದು ಪರಂಪರೆ; ದುಡಿ ಎಂದಲ್ಲ, ಗಳಿಸು ಎಂದಲ್ಲ, ಬಾಳು ಎಂದು. ಆ ಮಹಾಸ್ವಾಮಿಗಳವರು ಸ್ವತಃ ನಾಟಕ ರಚಿಸಿದವರು. ಸಾಣೇಹಳ್ಳಿಯ ಶಿವಸಂಚಾರ ತಂಡವು ೧೯೯೭ರಿಂದ ಊರೂರು ಸುತ್ತಿ ನಾಟಕವಾಡುತ್ತ ಬಂದಿರುವುದೂ ಅದೇ ದಾರಿಯ ಮುಂದುವರಿಕೆ.

ಯಾವುದು ವಿನೋದ, ಯಾವುದು ವ್ಯಸನ ಎಂಬ ವಿವೇಕ ಮಾತ್ರ ಬೇಕು. ಮರುದಿನದ ಕಾಯಕವನ್ನು ಹಗುರ ಮಾಡುವುದು ವಿನೋದ, ಭಾರ ಮಾಡುವುದು ವ್ಯಸನ. ಪರರಿಗೆ ನೋವಾಗದೆ, ಮನೆಯವರೊಡನೆ ಹಂಚಿಕೊಳ್ಳಬಹುದಾದುದು ವಿನೋದ, ಮರೆಮಾಚಬೇಕಾದುದು ವ್ಯಸನ.

ಇದಕ್ಕೆ ಹಣ ಬೇಕಿಲ್ಲ, ಕ್ರಮ ಬೇಕು. ಸಂಜೆಯ ಲಿಂಗಪೂಜೆಯ ತರುವಾಯ ಅರ್ಧಗಂಟೆಯನ್ನು ಮೀಸಲಿಡಿರಿ. ವಾರಕ್ಕೊಂದು ವಚನವನ್ನು ಅರ್ಥಸಹಿತ ಕಲಿಯಿರಿ. ಮಕ್ಕಳ ಪುಸ್ತಕವನ್ನು ತೆರೆದು, ತಿಳಿಯದುದನ್ನು ಮಕ್ಕಳನ್ನೇ ಕೇಳಿರಿ. ಅದರಲ್ಲಿ ಹಿರಿತನಕ್ಕೆ ಕುಂದಿಲ್ಲ. ಅರವತ್ತರ ಅಜ್ಜ ತಾಳ ಹಿಡಿದು ಭಜನೆಯ ಮಟ್ಟು ಕಲಿಯುವುದಾದರೆ ನಗುವವರು ನಗಲಿ. ಅವರಿಗೂ ಅಷ್ಟು ವಿನೋದವಾಯಿತು.

ಕೊನೆಯದಾಗಿ ಗೃಹಸ್ಥರಿಗೆ ಒಂದು ಮಾತು. ಜಾತ್ರೆ, ಹುಣ್ಣಿಮೆ, ಶಿವಾನುಭವ ಗೋಷ್ಠಿಗಳು ನಡೆಯುವಾಗ ನಾವು ಮುಂದಿನ ಸಾಲಿನಲ್ಲಿ ಕುಳಿತಿರುತ್ತೇವೆ. ಮನೆಯ ತಾಯಿಯಾದರೋ ಬಂದವರಿಗೆ ಉಣಬಡಿಸಿ, ಪಾತ್ರೆ ತೊಳೆದು ಬರುವ ವೇಳೆಗೆ ಮಂಗಳ ಮುಗಿದಿರುತ್ತದೆ. ಎಷ್ಟು ವರ್ಷಗಳಿಂದ ಆಕೆ ಒಂದು ಉಪನ್ಯಾಸವನ್ನೂ ಪೂರ್ತಿಯಾಗಿ ಕೇಳಿಲ್ಲವೆಂದು ಒಮ್ಮೆ ವಿಚಾರಿಸಿ ನೋಡಿರಿ. ಲಕ್ಕಮ್ಮ, ಅಕ್ಕಮಹಾದೇವಿಯರು ಮಾತನಾಡಿದ ಗೋಷ್ಠಿಯ ವಾರಸುದಾರರು ನಾವು. ಮುಂದಿನ ಹುಣ್ಣಿಮೆಗೆ ಸೌಟನ್ನು ನಾವು ಹಿಡಿಯೋಣ. ಆಕೆ ಸಭೆಯಲ್ಲಿ ಕುಳಿತು ಕೊನೆಯವರೆಗೆ ಕೇಳಲಿ.