ಬೋರ್ಡಿನ ಮೇಲೆ ನಾನು ಬರೆದ ಎರಡನೇ ಸಾಲು

ಪ್ರಥಮ ಪಿಯುಸಿಗೆ ಮತಸುಧಾರಣೆಯ ಪಾಠ ಮಾಡುವಾಗ ನಾನು ಬೋರ್ಡಿನ ಮೇಲೆ ಎರಡು ಸಾಲು ಬರೆದೆ. ಪರಮಪ್ರಸಾದದಲ್ಲಿ ಕ್ರಿಸ್ತರು ನಿಜವಾಗಿ ಇರುತ್ತಾರೆಂಬುದು ಕ್ಯಾಥೊಲಿಕರ ನಂಬಿಕೆ. ಅದು ಬರೀ ಸಂಕೇತವೆಂಬುದು ಪ್ರೊಟೆಸ್ಟೆಂಟರ ನಂಬಿಕೆ. ಗಂಟೆ ಹೊಡೆದ ಮೇಲೆ ಒಬ್ಬ ವಿದ್ಯಾರ್ಥಿನಿ ಹತ್ತಿರ ಬಂದಳು. "ಸರ್, ನಮ್ಮ ಅಜ್ಜಿ ಲೂಥರನ್ ಸಭೆಯವರು. ಅವರ ಮುಂದೆ ಬರೀ ಸಂಕೇತ ಅಂದ್ರೆ ಬೈತಾರೆ" ಎಂದಳು. ಅಜ್ಜಿ ಸರಿ, ನಾನು ತಪ್ಪು.

ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಶಿಷ್ಯರಿಗೆ ರೊಟ್ಟಿ ಮುರಿದುಕೊಟ್ಟು ಅದನ್ನು ತಮ್ಮ ದೇಹವೆಂದು ಕರೆದರೆಂದು ಸುವಾರ್ತೆಗಳು ಹೇಳುತ್ತವೆ. ಆ ಮಾತಿನ ಅರ್ಥವೇನು ಎಂಬುದೇ ಜಗಳ. ರೊಟ್ಟಿಯ ರೂಪ, ರುಚಿ ಹಾಗೇ ಉಳಿದರೂ ಅದರ ಸತ್ವ ಕ್ರಿಸ್ತರ ದೇಹವಾಗಿ ಮಾರ್ಪಡುತ್ತದೆ ಎನ್ನುತ್ತದೆ ಕ್ಯಾಥೊಲಿಕ್ ಸಭೆ. ಮಾರ್ಟಿನ್ ಲೂಥರ್ ಈ ವಿವರಣೆಯನ್ನು ಒಪ್ಪಲಿಲ್ಲ. ಆದರೆ ಕ್ರಿಸ್ತರ ದೇಹ ಅಲ್ಲಿರುವುದನ್ನು ಆತ ಎಂದೂ ಅಲ್ಲಗಳೆಯಲಿಲ್ಲ. ರೊಟ್ಟಿ ರೊಟ್ಟಿಯಾಗಿಯೇ ಇರುತ್ತದೆ, ಅದರೊಂದಿಗೆ ದೇಹವೂ ಇರುತ್ತದೆ ಎಂಬುದು ಆತನ ನಿಲುವು. ಅದು ಗುರುತು, ಆ ಭೋಜನ ಸ್ಮರಣೆ ಎಂದು ವಾದಿಸಿದವನು ಜ್ಯೂರಿಕ್‌ನ ಜ್ವಿಂಗ್ಲಿ. ನಾನು ಇವನ ಮಾತನ್ನು ಎಲ್ಲ ಪ್ರೊಟೆಸ್ಟೆಂಟರ ತಲೆಗೆ ಕಟ್ಟಿದ್ದೆ.

1529ರ ಅಕ್ಟೋಬರಿನಲ್ಲಿ ಹೆಸ್ಸೆಯ ದೊರೆ ಫಿಲಿಪ್ ಇಬ್ಬರನ್ನೂ ಮಾರ್ಬರ್ಗ್ ಕೋಟೆಗೆ ಕರೆಸಿದ. ಕ್ಯಾಥೊಲಿಕ್ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಎದುರು ಸುಧಾರಕರು ಒಂದಾಗದಿದ್ದರೆ ಉಳಿಗಾಲವಿಲ್ಲ ಎಂಬ ಚಿಂತೆ ಅವನದು. ಲೂಥರ್ ಯೇಸುವಿನ ಆ ಮಾತನ್ನು ಲ್ಯಾಟಿನ್‌ನಲ್ಲಿ ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದಿಟ್ಟುಕೊಂಡೇ ವಾದಕ್ಕೆ ಕುಳಿತ. ಅದರಲ್ಲಿರುವುದು ನಾಲ್ಕೇ ಪದ. ಹೋರಾಟವೆಲ್ಲ 'ಆಗಿದೆ' ಎಂಬರ್ಥದ ಒಂದು ಪುಟ್ಟ ಕ್ರಿಯಾಪದದ ಸುತ್ತ: ಅದು ನಿಜವಾಗಿ 'ಆಗಿದೆ'ಯೋ, 'ಸೂಚಿಸುತ್ತದೆ' ಎಂದೋ? ತಮಾಷೆಯೆಂದರೆ, ಕನ್ನಡದಲ್ಲಿ ಅಂಥ ವಾಕ್ಯಕ್ಕೆ ಕ್ರಿಯಾಪದವೇ ಬೇಡ. 'ಇದು ನನ್ನ ಊರು' ಎಂದರೆ ಸಾಕು. ಭೂಪಟ ತೋರಿಸಿಯೂ ಹಾಗೇ ಹೇಳುತ್ತೇವೆ, ಬಸ್ಸಿಳಿದು ನಿಂತೂ ಹಾಗೇ ಹೇಳುತ್ತೇವೆ.

ಕೊನೆಗೆ 15 ವಿಷಯಗಳ ಒಪ್ಪಂದ ಬರೆದರು. 14ಕ್ಕೆ ಪೂರ್ತಿ ಒಮ್ಮತ. ಹದಿನೈದನೆಯದರಲ್ಲೂ ಬಹುಪಾಲು ಒಪ್ಪಿ, ದೇಹ ರೊಟ್ಟಿಯಲ್ಲಿ ಇದೆಯೇ ಎಂಬ ಒಂದರಲ್ಲಿ ನಿಂತರು. ಅಷ್ಟಕ್ಕೇ ಲೂಥರ್ ಜ್ವಿಂಗ್ಲಿಯನ್ನು ಸಹೋದರನೆಂದು ಒಪ್ಪದೆ ಹೋದ. ಫಿಲಿಪ್ ಬಯಸಿದ ಮೈತ್ರಿಕೂಟ ಕೂಡಿಬರಲಿಲ್ಲ. 1531ರಲ್ಲಿ ಜ್ವಿಂಗ್ಲಿ ಕ್ಯಾಪೆಲ್ ಯುದ್ಧದಲ್ಲಿ ಸತ್ತ. ಮುಂದೆ ಬಂದ ಕ್ಯಾಲ್ವಿನ್, ರೊಟ್ಟಿ ಬದಲಾಗದು, ಆದರೂ ಪವಿತ್ರಾತ್ಮನ ಮೂಲಕ ವಿಶ್ವಾಸಿ ಕ್ರಿಸ್ತರನ್ನು ನಿಜವಾಗಿಯೇ ಪಡೆಯುತ್ತಾನೆ ಎಂದ.

ಈ ಕಥೆ ನಮ್ಮ ಕರಾವಳಿಗೂ ತಾಗುತ್ತದೆ. ಮಾರ್ಬರ್ಗ್‌ನಲ್ಲಿ ಜ್ವಿಂಗ್ಲಿಯ ಜೊತೆಗಿದ್ದ ಇಕೊಲಂಪೇಡಿಯಸ್ ಬಾಸೆಲ್ ಊರಿನ ಸುಧಾರಕ. ಅದೇ ಊರಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಾಗ ಅದರಲ್ಲಿ ಲೂಥರನ್ನರೂ ಸ್ವಿಸ್ ಸುಧಾರಿತ ಸಭೆಯವರೂ ಕೂಡಿಯೇ ದುಡಿಯುತ್ತಿದ್ದರು. ಯುರೋಪಿನಲ್ಲಿ ಆ ಎರಡು ಪಂಗಡದ ಸಭೆಗಳು ಒಂದೇ ಭೋಜನಕ್ಕೆ ಕೂರಲು ಒಪ್ಪಂದ ಮಾಡಿಕೊಂಡದ್ದು 1973ರಲ್ಲಿ, ಲಾಯೆನ್‌ಬರ್ಗ್‌ನಲ್ಲಿ.

ಪ್ರಥಮ ಪಿಯುಸಿಯವರು ನೋಟ್ಸ್‌ನ ಎರಡನೇ ಸಾಲನ್ನು ಹೊಡೆದುಹಾಕಿ. ಅಲ್ಲಿ ಲೂಥರ್, ಜ್ವಿಂಗ್ಲಿ, ಕ್ಯಾಲ್ವಿನ್ ಮೂವರಿಗೂ ಒಂದೊಂದು ಸಾಲು ಬರೆದುಕೊಳ್ಳಿ.